ರೋಸ್ ಮಿಲ್ಕ್ ಗ್ಲಾಸಿನ ಮಣಿ

ಮೇ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಕುಂದಾಪುರದಿಂದ ಹೊರಟೆ. ಹೆಗಲಿನ ಚೀಲದಲ್ಲಿ ಎರಡು ಪಂಚೆ, ಎರಡು ಅಂಗಿ, ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆ, ಚೆನ್ನೈಯಲ್ಲಿರುವ ತಮ್ಮನ ಮಗಳಿಗೆಂದು ಹಲಸಿನ ಹಪ್ಪಳ ಇದ್ದವು. ಕೈಯಲ್ಲಿದ್ದ ಇನ್ನೊಂದು ಚೀಲದಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಗಾಜಿನ ಲೋಟ. ಕಂಡಕ್ಟರ್ ಅದನ್ನು ಮೇಲಿನ ಅಟ್ಟಳಿಗೆಗೆ ಹಾಕಲು ಕೈ ಚಾಚಿದಾಗ ನಾನು ಕೊಡಲಿಲ್ಲ.

"ಎಂತ ಹ್ವಾಯ್, ಬಂಗಾರ ಇತ್ತಾ ಅದ್ರಲ್ಲಿ?"

"ಬಂಗಾರ ಅಲ್ಲ ಮಾರಾಯಾ, ಗಾಜು. ಒಡೀತ್."

"ಗಾಜಿಗೆ ಇಷ್ಟ್ ಮರ್ಯಾದಿಯಾ!" ಎಂದು ನಗುತ್ತಾ ಟಿಕೆಟು ಹರಿದ.

ಮನೆಯಲ್ಲಿ ಹೆಂಡತಿಗೆ, ಚೆನ್ನೈಯಲ್ಲಿ ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಸುಳ್ಳು ಹೇಳಿದ್ದೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ನಾನು ಹೋದದ್ದು ಪಚ್ಚಮ್ಮ ಎಂಬ ಹೆಂಗಸಿಗೆ ಒಂದು ಮಾತು ಹೇಳಲು. ಮೂವತ್ತಮೂರು ವರ್ಷದ ಹಿಂದೆ, ಅದೇ ದಿನ ಸಂಜೆಯೊಳಗೆ ಹೇಳಬೇಕಾಗಿದ್ದ ಮಾತು ಅದು. ಈಗ ನನಗೆ ಎಪ್ಪತ್ತನಾಲ್ಕು.

ಕುಂದಾಪುರದಿಂದ ಮಂಗಳೂರಿಗೆ ತೊಂಬತ್ತು ಕಿಲೋಮೀಟರ್. ಸ್ಟೇಷನ್ನಿನ ಹೊರಗೆ ಬನ್ಸು, ಚಹಾ ಮುಗಿಸಿ ಮಧ್ಯಾಹ್ನದ ರೈಲು ಹತ್ತಿದೆ. ಸ್ಲೀಪರಿಗೆ ನಾನೂರ ಅರವತ್ತು ಚಿಲ್ಲರೆ ರೂಪಾಯಿ. ಮುದುಕರಿಗೆ ಮೊದಲಿದ್ದ ರಿಯಾಯಿತಿ ಈಗಿಲ್ಲ. ಮಂಗಳೂರಿನಿಂದ ಚೆನ್ನೈಗೆ ಹತ್ತಿರ ಹತ್ತಿರ ಒಂಬೈನೂರು ಕಿಲೋಮೀಟರ್, ಕೇರಳವನ್ನು ಉದ್ದಕ್ಕೆ ಸೀಳಿಕೊಂಡು ಪಾಲಕ್ಕಾಡಿನ ಮೇಲೆ ಹೋಗುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ, ಎಸ್ಸೆಸ್ಸೆಲ್ಸಿ ಪಾಸಾದ ಮರುವರ್ಷ, ನಾನು ಮೊದಲ ಬಾರಿ ಹೋದದ್ದೂ ಇದೇ ದಾರಿಯಲ್ಲಿ. ಆಗ ಮದ್ರಾಸಿನ ಮೈಲಾಪುರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸ ಕಾದಿತ್ತು. ಕೊನೆಗೆ ಅದೇ ಹೋಟೆಲಿನಲ್ಲಿ ಸೂಪರ್‌ವೈಸರ್ ಆದೆ. ಮೂವತ್ತೆರಡು ವರ್ಷ ಅಲ್ಲಿ ಅನ್ನ ತಿಂದೆ.

ಪಚ್ಚಮ್ಮ ಅಲ್ಲಿ ಎಲೆ ತೆಗೆಯುವ, ಹಿತ್ತಲು ತೊಳೆಯುವ ಕೆಲಸಕ್ಕಿದ್ದವಳು. ಅವಳು ಎಲ್ಲಿದ್ದಾಳೆ, ಬದುಕಿದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಯತ್ನಿಸಿರಲಿಲ್ಲ ಎನ್ನುವುದು ಸರಿ. ಈ ಜನವರಿಯಲ್ಲಿ ತಮ್ಮನ ಮಗಳು ವಿದ್ಯಾ ನಮ್ಮ ಮನೆಯವರ ವಾಟ್ಸಪ್ ಗುಂಪಿಗೆ ಒಂದು ಫೋಟೋ ಹಾಕಿದಳು. ಹಳೆಯ ಬಾಟಲಿ ಗಾಜಿನಿಂದ ಮಾಡಿದ ಹಸಿರು ಓಲೆ, ಮೈಲಾಪುರದಲ್ಲಿ ಕೊಂಡದ್ದು. ಓಲೆಯನ್ನು ಅಂಗೈಯಲ್ಲಿ ಹಿಡಿದಿದ್ದದ್ದು ಮಾರಿದಾಕೆಯ ಕೈ. ಬಲಗೈ. ಮೂರು ಬೆರಳು ಮಡಚಿದ್ದವು, ಕಿರುಬೆರಳು ಮತ್ತು ಉಂಗುರದ ಬೆರಳು ಮಡಚಿರಲಿಲ್ಲ. ಅಂಗೈಯ ಅಂಚಿನಿಂದ ಮಣಿಕಟ್ಟಿನವರೆಗೆ ಒಂದು ಬಿಳಿ ಗೆರೆ. ಎಲ್ಲರೂ ಓಲೆ ಚಂದ ಎಂದು ಬರೆದರು. ಆ ಕೈ ಯಾರದ್ದೆಂದು ನನಗೆ ಕಂಡಕೂಡಲೇ ತಿಳಿಯಿತು. ಆಮೇಲೂ ನಾಲ್ಕು ತಿಂಗಳು ಸುಮ್ಮನಿದ್ದೆ.

ಬುಧವಾರ ಬೆಳಕು ಹರಿಯುವಾಗ ಚೆನ್ನೈ ಸೆಂಟ್ರಲ್. ಮೇಲ್ಸೇತುವೆ ದಾಟಿ ಪಾರ್ಕ್ ಸ್ಟೇಷನ್ನಿನಿಂದ ಐದು ರೂಪಾಯಿಗೆ ಮಾಂಬಲಂ. ಪೂರ್ವಕ್ಕೆ ಇಳಿದರೆ ಟಿ. ನಗರದ ಸೀರೆ, ಒಡವೆ. ಪಶ್ಚಿಮಕ್ಕೆ ಇಳಿದರೆ ವೆಸ್ಟ್ ಮಾಂಬಲಂನ ಸೊಪ್ಪು, ಕಾಫಿಪುಡಿ, ಊದುಬತ್ತಿ. ವಿದ್ಯಾಳ ಮನೆ ಪಶ್ಚಿಮದ ಓಣಿಯೊಂದರ ಎರಡನೆಯ ಮಹಡಿಯಲ್ಲಿದೆ. ತಮಿಳರು ಅಗ್ನಿನಕ್ಷತ್ರ ಎನ್ನುವ ಕಡುಬೇಸಗೆಯ ದಿನಗಳು, ಏಳು ಗಂಟೆಗೇ ಮೆಟ್ಟಿಲ ಕಬ್ಬಿಣದ ಕಂಬಿ ಬಿಸಿಯಾಗಿತ್ತು.

"ದೊಡ್ಡಪ್ಪ, ಈ ವೆಯಿಲಲ್ಲಿ ಯಾರಾದ್ರೂ ಬರ್ತಾರಾ?" ಎಂದಳು ವಿದ್ಯಾ. "ಕಣ್ಣಿಗೆ ಅಪಾಯಿಂಟ್‌ಮೆಂಟ್ ಯಾವತ್ತಿಗೆ?"

ಅವಳ ಮಗಳು ಮೇಘಾಳಿಗೆ ಹದಿನಾರು. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳು. "ತಾತಾ, ಕಾಪಿ ವೇಣುಮಾ?" ಎಂದು ಕೇಳಿ, ನಾನು "ಬೇಡ ಮಗಾ" ಎನ್ನುವುದರೊಳಗೆ ತಂದಿಟ್ಟಳು. ಅವಳ ಕಿವಿಯಲ್ಲಿ ಅದೇ ಹಸಿರು ಓಲೆ. ಬಿಸಿಲಿಗೆ ತಿರುಗಿದಾಗ ಅವಳ ಕೆನ್ನೆಯ ಮೇಲೆ ಒಂದು ಹಸಿರು ಚುಕ್ಕೆ ಓಡಾಡಿತು. ಅದನ್ನು ಮಾಡಿದವರ ವಿಳಾಸ ಬೇಕೆಂದು ಕೇಳಿದೆ.

"ಎನ್ನ ತಾತಾ, ಪಾಟಿಕ್ಕು ಸರ್‌ಪ್ರೈಸ್ ಗಿಫ್ಟಾ?" ಎಂದು ಕಣ್ಣು ಮಿಟುಕಿಸಿ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಪಾಟಿ ಎಂದರೆ ಅಜ್ಜಿ, ನನ್ನ ಹೆಂಡತಿ.

ಆ ದಿನವೇ ಹೋಗಬಹುದಿತ್ತು. ಬಸ್ಸು ಹಿಡಿದು ಮೈಲಾಪುರಕ್ಕೆ ಹೋದೆನಾದರೂ ನನ್ನ ಕಾಲು ಹೋದದ್ದು ಹಳೆಯ ಹೋಟೆಲಿನ ಕಡೆಗೆ. ಹೋಟೆಲು ಮುಚ್ಚಿ ಇಪ್ಪತ್ತನಾಲ್ಕು ವರ್ಷವಾಯಿತು. ಈಗ ಅಲ್ಲಿ ಮೊಬೈಲ್ ಅಂಗಡಿ, ಮೇಲೆ ಟ್ಯೂಷನ್ ಸೆಂಟರ್. ಮುಂಬಾಗಿಲಿನ ಕಡಪ ಕಲ್ಲಿನ ಮೆಟ್ಟಿಲು ಮಾತ್ರ ಹಳೆಯದು. ಎದುರಿನ ಅಂಗಡಿಯ ನೆರಳಿನಲ್ಲಿ ಮೂವತ್ತು ರೂಪಾಯಿಯ ನನ್ನಾರಿ ಶರಬತ್ತು ಹಿಡಿದು ಆ ಮೆಟ್ಟಿಲನ್ನು ನೋಡುತ್ತಾ ನಿಂತೆ. ಅಲ್ಲಿ ನಡೆದದ್ದನ್ನು ಇಲ್ಲಿಯೇ ಬರೆದುಬಿಡುತ್ತೇನೆ.

ಅದೊಂದು ಶುಕ್ರವಾರ. ಹತ್ತಿರದ ಛತ್ರದಲ್ಲಿ ಮದುವೆ. ಊಟದ ಹೊತ್ತಿಗೆ ಜನ ತುಂಬಿದ್ದರು. ಒಬ್ಬ ಸಪ್ಲೈಯರ್ ಬಂದಿರಲಿಲ್ಲವೆಂದು ನಾನೇ ರೋಸ್ ಮಿಲ್ಕಿನ ತಟ್ಟೆ ಎತ್ತಿದೆ. ಉದ್ದನೆಯ, ಗೆರೆ ಗೆರೆಯ ಗ್ಲಾಸುಗಳು, ಆರು. ಒಳಗಿನ ಹೊಸ್ತಿಲಲ್ಲಿ ಕಾಲು ಜಾರಿತು. ಐದು ಒಡೆದವು, ಒಂದು ಉರುಳಿಹೋಗಿ ಗೋಣಿಚೀಲಕ್ಕೆ ತಾಗಿ ನಿಂತಿತು. ನಮ್ಮಲ್ಲಿ ಒಡೆದ ಗಾಜಿಗೆಂದೇ ಮುಚ್ಚಳವಿದ್ದ ಸೀಮೆಎಣ್ಣೆ ಡಬ್ಬ ಇತ್ತು. ಅದಿದ್ದದ್ದು ಗಲ್ಲಾಪೆಟ್ಟಿಗೆಯ ಹಿಂದೆ. ಅಲ್ಲಿಗೆ ಒಯ್ಯಬೇಕಾದರೆ ಧಣಿಗಳ ಮುಂದೆ ಹಾಯಬೇಕು. ಶುಕ್ರವಾರ ಗಾಜು ಒಡೆದರೆ ಲಕ್ಷ್ಮಿ ಹೋಗುತ್ತಾಳೆ ಎನ್ನುವವರು ಅವರು, ಗಿರಾಕಿಗಳೆದುರೇ ಬೈಯುತ್ತಿದ್ದರು. ನಾನು ಚೂರುಗಳನ್ನು ಒಂದು ಎಂಜಲೆಲೆಯ ಮೇಲೆ ಗುಡಿಸಿ, ಮಡಚಿ, ಎಲೆಯ ತೊಟ್ಟಿಗೆ ಹಾಕಿದೆ. ಜನ ತಗ್ಗಿದ ಮೇಲೆ ತೆಗೆದರಾಯಿತು ಎಂದುಕೊಂಡೆ. ಆಮೇಲೆ ಮರೆತೆ.

ಪಚ್ಚಮ್ಮ ದಿನವೂ ಮೂರು ಗಂಟೆಗೆ ಆ ತೊಟ್ಟಿಗೆ ಕೈ ಹಾಕಿ ಎಲೆಗಳ ನಡುವೆ ತಡಕುತ್ತಿದ್ದಳು. ಎಲೆಯ ಜೊತೆ ಹೋಟೆಲಿನ ಚಮಚಗಳು ಹೋಗುತ್ತಿದ್ದವು. ಅವನ್ನು ಹುಡುಕಬೇಕೆಂದು ಹುಕುಂ ಮಾಡಿದವನು ನಾನೇ. ಅವತ್ತು ಮೊಣಕೈಯವರೆಗೆ ಕೈ ಹಾಕಿದಳು. ಅಂಗೈ ಸೀಳಿ ನರ ಕಡಿಯಿತು. ಅಡುಗೆಯ ಸುಬ್ರಾಯ ಐತಾಳರು ತಮ್ಮ ಹೆಗಲ ಮೇಲಿನ ಶಲ್ಯವನ್ನೇ ಸುತ್ತಿ, ಅವಳ ಕೈಯನ್ನು ಮೇಲೆತ್ತಿ ಹಿಡಿದು, ಆಟೋದಲ್ಲಿ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಧಣಿಗಳು ನನ್ನನ್ನು ಕೇಳಿದರು: "ಅವ್ಳ್ ಎಲೆಗೆ ಕೈ ಹಾಕುದ್ ಎಂತಕ್ಕೆ?"

ಚಮಚಕ್ಕೆ ಎನ್ನಬಹುದಿತ್ತು. ಚಮಚ ಎಂದರೆ ಹುಕುಂ ಯಾರದ್ದು ಎಂದಾಗುತ್ತಿತ್ತು, ಗಾಜು ಯಾರದ್ದು ಎಂದಾಗುತ್ತಿತ್ತು. ನಾನು ಹೇಳಿದೆ: "ಎಲೇಲ್ ಬಿಟ್ಟ ಜಾಂಗ್ರಿ ಹೆಕ್ಕುಕೆ. ಎಷ್ಟ್ ಸಲ ಹೇಳಿದೆ ನಾನ್, ಕೇಂಬುದಿಲ್ಲ."

ಎಂಜಲು ಹೆಕ್ಕುವವಳು ಅಡುಗೆಮನೆಯ ಹತ್ತಿರ ಬೇಡ ಎಂದು ಧಣಿಗಳು ಅವಳನ್ನು ತೆಗೆದರು. ಆ ಮಾತು ಅವಳಿಗಿಂತ ಮುಂದೆ ಹೋಯಿತು. ಮೈಲಾಪುರದ ಯಾವ ಹೋಟೆಲಿನಲ್ಲೂ ಅವಳಿಗೆ ಆಮೇಲೆ ಕೆಲಸ ಸಿಗಲಿಲ್ಲ. ಹೋಟೆಲು ಮುಚ್ಚಿದಾಗ, ಉರುಳಿ ಉಳಿದಿದ್ದ, ಅವತ್ತೇ ಬೇರೆ ತೆಗೆದಿಟ್ಟಿದ್ದ ಆ ಗ್ಲಾಸನ್ನು ನಾನು ಮನೆಗೆ ತಂದೆ. ಯಾಕೆಂದು ನನಗೂ ಸರಿಯಾಗಿ ತಿಳಿಯದು. ಬೇರೆ ಯಾರಾದರೂ ಅದರಲ್ಲಿ ಕುಡಿಯುವುದು ಬೇಡ ಎನಿಸಿರಬೇಕು.

ಗುರುವಾರ ಹತ್ತು ಗಂಟೆಗೆ ಚೀಟಿ ಹಿಡಿದು ಹೋದೆ. ಮೈಲಾಪುರದಲ್ಲಿ ಎತ್ತರದ ರೈಲುದಾರಿಯ ಕಂಬಗಳ ಪಕ್ಕದ ಓಣಿ, ಅದರ ಕೊನೆಯಲ್ಲಿ ತಗಡಿನ ಮಾಡಿನ ಎರಡು ಕೋಣೆ. ಬಾಗಿಲ ಹೊರಗೆ ಸಾಲಾಗಿ ಡಬ್ಬಗಳು. ಪ್ರತಿಯೊಂದಕ್ಕೂ ಮುಚ್ಚಳ, ಪ್ರತಿಯೊಂದರ ಮೇಲೆ ಕೆಂಪು ಬಣ್ಣದಲ್ಲಿ 'ಕಣ್ಣಾಡಿ' ಎಂದು ದೊಡ್ಡ ತಮಿಳು ಅಕ್ಷರ; ಅಂದರೆ ಗಾಜು. ಓದು ಬಾರದವರಿಗೆಂದು ಒಡೆದ ಬಾಟಲಿಯ ಚಿತ್ರವೂ ಇತ್ತು. ಅದನ್ನು ದಾಟಿ ಒಳಗೆ ಹೋಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಒಳಗೆ ಮೂವತ್ತೈದರ ಹತ್ತಿರದ ಒಬ್ಬಳು ನಾಲ್ಕು ಹೆಂಗಸರಿಗೆ ಬಾಟಲಿ ಕತ್ತರಿಸುವುದನ್ನು ತೋರಿಸುತ್ತಿದ್ದಳು. ಪಚ್ಚಮ್ಮನ ಮಗಳು ಸೆಲ್ವಿ. ಮೂಲೆಯಲ್ಲಿ ಗಿಡ್ಡ ಮಣೆಯ ಮೇಲೆ, ನೀರಿನ ತೊಟ್ಟಿಯ ಮುಂದೆ ಒಬ್ಬ ಮುದುಕಿ ಕೂತು ಬಾಟಲಿಯ ಲೇಬಲು ಸುಲಿಯುತ್ತಿದ್ದಳು. ನಾನು ಸೆಲ್ವಿಗೆ ತಮಿಳಿನಲ್ಲಿ, ಒಂದು ಗ್ಲಾಸು ಇದೆ, ಏನಾದರೂ ಮಾಡಿಕೊಡಬಹುದಾ ಎಂದೆ. ಮುದುಕಿಯ ಕೈ ನಿಂತಿತು.

"ಹೊಳ್ಳ ಸಾರಾ?"

ತಲೆ ಎತ್ತಿರಲಿಲ್ಲ. ಧ್ವನಿಯಿಂದಲೇ ಗುರುತಿಸಿದಳು. ಆಮೇಲೆ ಎದ್ದು ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಅಡ ಕಡವುಳೇ! ಎಂತ ಸಾರ್ ಇದು, ಸೂಪರ್‌ವೈಸರ್ ಹೊಟ್ಟೆ ಎಲ್ಲಿ ಹೋಯ್ತ್?"

"ಸಕ್ಕರೆ ಕಾಯ್ಲೆ ತಿಂದುಹಾಕ್ತ್ ಪಚ್ಚಮ್ಮ."

"ನಾಲ್ಕ್ ಜನರ ಊಟ ತಿಂದ್ರೆ ಮತ್ತೆಂತ ಆಪುದು?" ಎಂದು ಜೋರಾಗಿ ನಕ್ಕಳು. ನಮ್ಮ ಅಡುಗೆಮನೆಯಲ್ಲಿ ಕಲಿತ ಕುಂದಾಪುರದ ಕನ್ನಡ, ತಮಿಳಿನ ಒಗ್ಗರಣೆಯ ಜೊತೆ, ಇನ್ನೂ ಹಾಗೆಯೇ ಇತ್ತು. ಮಗಳಿಗೆ ತಮಿಳಿನಲ್ಲಿ, "ಇವರು ನಮ್ಮ ಹೋಟೆಲಿನವರು" ಎಂದಳು. ನಮ್ಮ ಹೋಟೆಲು ಎಂದಳು.

ಕಾಫಿ ಮಾಡಿ ಕೊಡುವ ಮೊದಲು ಒಂದು ಕ್ಷಣ ಲೋಟವನ್ನು ಕೈಯಲ್ಲೇ ಹಿಡಿದುಕೊಂಡಳು. "ಕುಡೀತ್ರಿಯಾ ಸಾರ್, ನನ್ ಕೈದ್?" ಹೋಟೆಲಿನಲ್ಲಿ ಅವಳ ಲೋಟವನ್ನು ಹಿತ್ತಲಿನ ಮೊಳೆಗೆ ಬೇರೆಯಾಗಿ ತೂಗುಹಾಕುತ್ತಿದ್ದೆವು. ನಾನು ಕುಡಿದೆ. ಒಳ್ಳೆಯ ಕಾಫಿ.

ಟವೆಲು ಬಿಚ್ಚಿದಾಗ ಅವಳು ಗ್ಲಾಸನ್ನು ಬೆಳಕಿಗೆ ಹಿಡಿದು ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದಳು. "ರೋಸ್ ಮಿಲ್ಕ್ ಗ್ಲಾಸ್!" ಎಂದಳು. "ಎಷ್ಟ್ ಸಾವಿರ ಸಲ ತೊಳ್ದಿದ್ದೆ ಇದನ್ನ. ಎಂತ ಮಾಡ್ಬೇಕ್ ಇದ್ರಲ್ಲಿ? ಓಲೆಯಾ, ಮಣಿಯಾ?"

"ನಿಮ್ಗೆ ಸರಿ ಕಂಡದ್ದ್," ಎಂದೆ. ಹಿಂದೆ ನಾನು ಅವಳಿಗೆ 'ನೀವು' ಎಂದದ್ದೇ ಇಲ್ಲ. ಅವಳು ಅದನ್ನು ಗಮನಿಸಿದಳೋ ಏನೋ, ಸುಮ್ಮನೆ ನನ್ನ ಮುಖ ನೋಡಿದಳು.

ಹೋಟೆಲು ಬಿಟ್ಟ ಮೇಲೆ ಅವಳು ಬದುಕಿದ್ದು ಖಾಲಿ ಬಾಟಲಿ ಆಯ್ದು ಹಳೆ ಸಾಮಾನಿನ ಅಂಗಡಿಗೆ ಕೊಟ್ಟು. ಎಡಗೈಯಲ್ಲಿ. ಹದಿನೈದು ವರ್ಷ ಹಾಗೆ ನಡೆಯಿತು. ಬೆರಳ ತುದಿಯಿಂದ ತಟ್ಟಿದರೆ ಯಾವ ಬಾಟಲಿಯ ಗಾಜು ಎಂದು ಹೇಳಬಲ್ಲಳು. ಸೆಲ್ವಿ ಎಲ್ಲೋ ತರಬೇತಿಗೆ ಹೋಗಿ ಗಾಜು ಕರಗಿಸುವುದನ್ನು ಕಲಿತು ಬಂದಾಗ ಮೊದಮೊದಲು ಮಾಡಿದ್ದೆಲ್ಲ ಬಿರುಕು ಬಿಡುತ್ತಿತ್ತಂತೆ. ಎರಡು ಜಾತಿಯ ಗಾಜು ಬೆರೆಸಿದರೆ ಹಾಗಾಗುತ್ತದೆ ಎಂದು ಮೊದಲು ಕಂಡುಹಿಡಿದದ್ದು ಬೇರ್ಪಡಿಸಿ ಬೇರ್ಪಡಿಸಿ ಅಭ್ಯಾಸವಾಗಿದ್ದ ತಾಯಿ. ಈಗಲೂ ಬೇರ್ಪಡಿಸುವುದು ಅವಳದೇ ಕೆಲಸ, ಮಗಳು ಅದಕ್ಕೆ ಕೈ ಹಾಕುವ ಹಾಗಿಲ್ಲ.

ಗ್ಲಾಸನ್ನು ಗೋಣಿಯಲ್ಲಿ ಸುತ್ತಿ ಕಲ್ಲಿನ ಮೇಲಿಟ್ಟು ನನ್ನ ಕೈಗೆ ಸುತ್ತಿಗೆ ಕೊಟ್ಟಳು. "ತಂದವ್ರೇ ಒಡೀಬೇಕ್. ಇಲ್ಲಿ ಅದೇ ರೂಲ್ಸ್." ನಾನು ಮೆಲ್ಲಗೆ ಹೊಡೆದೆ. "ಇಡ್ಲಿಗೆ ಹೊಡ್ದಾಂಗೆ ಹೊಡೀತ್ರಲ್ಲ!" ಎಂದಳು. ಎರಡನೆಯ ಏಟಿಗೆ ಗೋಣಿಯೊಳಗೆ ಸದ್ದಾಯಿತು. ಅದೇ ಸದ್ದು. ಆಗಲೇ ಹೇಳಬೇಕೆಂದು ಬಾಯಿ ತೆರೆದೆ.

ಅವಳು ಚೂರುಗಳನ್ನು ಜರಡಿಗೆ ಸುರಿಯುತ್ತಾ ತಾನೇ ಮಾತು ತೆಗೆದಳು. "ನನ್ನ ಕೈಗೆ ಹೊಕ್ಕದ್ದೂ ಈ ಗ್ಲಾಸೇ ಸಾರ್, ಗೊತ್ತಾ? ಬಟ್ಟೆ ಎಲ್ಲ ರೋಸ್ ಎಸೆನ್ಸ್ ವಾಸ್ನೆ. ಯಾವನೋ ಸಪ್ಲೈಯರ್ ಒಡ್ದು ಹಾಕಿದ್ದ. ಪರವಾಯಿಲ್ಲೆ. ಗ್ಲಾಸ್ ಅಂದ್ಮೇಲೆ ಕೈಯಿಂದ ಜಾರ್ತದೆ. ಅವನ ಮೇಲೆ ನಂಗ್ ಕೋಪ ಇಲ್ಲ." ಜರಡಿ ನಿಂತಿತು. "ಎಂಜಲು ತಿಂಬವ್ಳು ಅಂತ ಹೇಳಿದವ ಇದ್ನಲ್ಲ, ಅವನ್ನ ಮಾತ್ರ ಬಿಡ್ಲಿಲ್ಲ ನಾನು. ಈಗ ಅವ್ನೂ ಇಲ್ಲ ಅಂತ ಯಾರೋ ಹೇಳಿದ್ರು, ಬಿಡಿ."

ಧಣಿಗಳು ತೀರಿಹೋಗಿದ್ದರು. ಅವಳು ಹೇಳುತ್ತಿರುವುದು ಅವರನ್ನೇ ಎಂದುಕೊಂಡೆ. ಸತ್ತವರ ತಲೆಯ ಮೇಲೆ ಅದು ಇರಲಿ ಎಂದು ನನ್ನೊಳಗಿನ ಹಳೆಯ ಸೂಪರ್‌ವೈಸರ್ ಹೇಳಿದ. ಬಾಯಿ ಮುಚ್ಚಿಕೊಂಡೆ.

ಅವಳು ಮಣ್ಣಿನ ಅಚ್ಚುಗಳಿಗೆ ಬಿಳಿ ಪುಡಿ ಸವರಿ, ಪ್ರತಿ ಕುಳಿಯ ನಡುವೆ ತೆಂಗಿನ ಗರಿಯ ಕಡ್ಡಿ ನೆಟ್ಟು, ಸುತ್ತಲೂ ಗಾಜಿನ ಪುಡಿ ತುಂಬಿದಳು. ಕಡ್ಡಿ ಸುಟ್ಟು ಬೂದಿಯಾಗುತ್ತದೆ, ಅದಿದ್ದ ಜಾಗದಲ್ಲಿ ದಾರಕ್ಕೆ ತೂತು ಉಳಿಯುತ್ತದೆ. ಒಂದು ಗ್ಲಾಸಿಗೆ ಏಳು ಮಣಿ. ಅಕ್ಕಿ ಡಬ್ಬದಷ್ಟು ದೊಡ್ಡ ಕರೆಂಟಿನ ಕುಲುಮೆಗೆ ಇಟ್ಟು ಬಾಗಿಲು ಹಾಕಿದರು.

"ಎಷ್ಟ್ ಹೊತ್ತ್?" ಎಂದೆ.

"ಕರಗೂಕೆ ಜಾಸ್ತಿ ಹೊತ್ತ್ ಬೇಡ. ತಣಿಯೂಕೆ ಬೇಕ್. ಅವಸರ ಮಾಡಿ ತೆಗದ್ರೆ ಒಡೀತದೆ. ನಾಳೆ ಬನ್ನಿ."

ವಿದ್ಯಾಳ ಮನೆಯಲ್ಲಿ ಆ ಸಂಜೆ ಮಜ್ಜಿಗೆಯ ಮೋರ್‌ಕುಳಂಬು, ಹಪ್ಪಳ. ಕಣ್ಣಿಗೆ ಏನೆಂದರು ಎಂದು ಕೇಳಿದಳು. ನಾಳೆ ಗೊತ್ತಾಗುತ್ತದೆ ಎಂದೆ.

ಶುಕ್ರವಾರ ಒಂಬತ್ತಕ್ಕೆಲ್ಲ ಅಲ್ಲಿದ್ದೆ. ಕಲಿಯುವವರು ಇನ್ನೂ ಬಂದಿರಲಿಲ್ಲ. ಸೆಲ್ವಿ ಕುಲುಮೆಯಿಂದ ಅಚ್ಚು ತೆಗೆದು ತಾಯಿಯ ಮುಂದಿಟ್ಟಿದ್ದಳು. ಪಚ್ಚಮ್ಮ ಒಂದೊಂದೇ ಮಣಿಯನ್ನು ನೀರಿನಲ್ಲಿ ಅದ್ದಿ ಬೂದಿ ತೊಳೆಯುತ್ತಿದ್ದಳು. ಮಂಜುಗಟ್ಟಿದ ಬಿಳಿ, ಒಳಗೆಲ್ಲೋ ತುಸು ಹಸಿರು. ನಾನು ಕೂರಲಿಲ್ಲ. ಕೂತರೆ ಮತ್ತೆ ಕಾಫಿ ಬರುತ್ತದೆ, ಮಾತು ಬೇರೆ ಕಡೆಗೆ ಹೋಗುತ್ತದೆ.

ನಿಂತೇ ಹೇಳಿದೆ. ತಟ್ಟೆ ಜಾರಿದ್ದು ನನ್ನ ಕೈಯಿಂದ. ಎಲೆಯಲ್ಲಿ ಮಡಚಿ ತೊಟ್ಟಿಗೆ ಹಾಕಿದ್ದು ನಾನು. ಚಮಚ ಹುಡುಕಲು ಹೇಳಿದ್ದೂ ನಾನೇ. ಅದಿಷ್ಟಕ್ಕೆ ಅವಳ ಮುಖ ಹೆಚ್ಚು ಬದಲಾಗಲಿಲ್ಲ. ಆಮೇಲೆ ಹೇಳಿದೆ: "ಜಾಂಗ್ರಿ ಹೆಕ್ಕುಕೆ ಕೈ ಹಾಕಿದ್ದ್ ಅಂತ ಧಣಿಗಳಿಗೆ ಹೇಳಿದ್ದೂ ನಾನೇ ಪಚ್ಚಮ್ಮ."

ಮಣಿ ಅವಳ ಕೈಯಿಂದ ನೀರಿಗೆ ಬಿತ್ತು.

"ನೀವಾ?"

"ನಾನೇ."

"ಐತಾಳ್ ಸ್ವಾಮಿ ಅಲ್ಲವಾ?"

ನನಗೆ ಅರ್ಥವಾಗಲಿಲ್ಲ. "ಐತಾಳ್ರಾ? ಅವ್ರ್ ಎಂತಕ್ಕೆ ಹೇಳ್ತ್ರು?"

ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಕೂತಳು. ಒರೆಸಿದ್ದನ್ನೇ ಒರೆಸಿದಳು. ಆಮೇಲೆ ನಿಧಾನವಾಗಿ ಹೇಳಿದಳು. ಐತಾಳರು ದಿನವೂ ಬಡಿಸುವ ಮೊದಲೇ ಒಂದು ಪೊಟ್ಟಣ ಅನ್ನ, ಒಂದು ಸಿಹಿ ತೆಗೆದಿಟ್ಟು ಹಿತ್ತಲಿನ ಕಿಟಕಿಯಲ್ಲಿ ಅವಳಿಗೆ ಕೊಡುತ್ತಿದ್ದರು. ಚಿಕ್ಕ ಸೆಲ್ವಿಗೆ. ಅದು ಇಬ್ಬರಿಗೆ ಮಾತ್ರ ಗೊತ್ತಿದ್ದದ್ದು. ಧಣಿಗಳು ಎಂಜಲು, ಜಾಂಗ್ರಿ ಎಂದಾಗ, ಹೇಳಿದವರು ಐತಾಳರೇ ಇರಬೇಕು, ಕೊಟ್ಟದ್ದನ್ನು ಮುಚ್ಚಿಕೊಳ್ಳಲು ತನ್ನನ್ನು ಎಂಜಲು ತಿನ್ನುವವಳನ್ನಾಗಿ ಮಾಡಿದರು ಎಂದು ಅವಳು ಲೆಕ್ಕ ಹಾಕಿದಳು.

"ಎಂಟ್ ವರ್ಷ ಆದ್ಮೇಲೆ ನನ್ ಮನೆಗ್ ಬಂದ್ರು ಸಾರ್. ಊರಿಗ್ ಹೋಗ್ತೇನೆ ಪಚ್ಚಮ್ಮ, ಹೇಳಿಹೋಗೂಕೆ ಬಂದೆ ಅಂತ. ಕೈಯಲ್ಲಿ ಹಲ್ವ. ಮಟ ಮಟ ಮಧ್ಯಾಹ್ನ. ಒಂದ್ ಲೋಟ ನೀರ್ ಕೊಡ್ತ್ಯಾ ಅಂತ ಕೇಳಿದ್ರು." ಅವಳು ನನ್ನನ್ನು ನೋಡಲಿಲ್ಲ. "ನನ್ ಮನೆ ನೀರ್ ಕೇಳಿದ ಮೊದಲ್ನೇ ಅಯ್ಯರು. ನಾನ್ ಬಾಗ್ಲ್ ಹಾಕ್ದೆ."

ಇಲ್ಲಿ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಆ ಬಾಗಿಲಿನ ವಿಷಯ ನನಗೆ ಗೊತ್ತಿತ್ತು. ಅದೇ ದಿನ ಐತಾಳರು ಬೆವರಿಕೊಂಡು ಹೋಟೆಲಿಗೆ ಬಂದು, "ಪಚ್ಚಮ್ಮ ಬಾಗ್ಲ್ ಹಾಯ್ಕಂಡ್ಳು ಮಾರಾಯಾ. ನಾನ್ ಎಂತ ಮಾಡಿದೆ ಅಂತ ಗೊತ್ತಾಯ್ಲಿಲ್ಲ" ಎಂದಿದ್ದರು. ನಾನು, "ಅವ್ಳ್ ಹಾಂಗೇ ಬಿಡಿ, ತಲೆ ಸಮ ಇಲ್ಲ" ಎಂದಿದ್ದೆ. ಯಾಕೆ ಬಾಗಿಲು ಹಾಕಿರಬಹುದು ಎಂದು ಯೋಚಿಸಿದರೆ ತಿಳಿಯುತ್ತಿತ್ತು. ತಿಳಿಯುವುದು ಬೇಡವಾಗಿತ್ತು. ಐತಾಳರು ತೀರಿಕೊಂಡು ಆರು ವರ್ಷ. ಅವರಿಗೆ ನಾನು ಆಡಿದ ಆ ಮಾತನ್ನೂ ಪಚ್ಚಮ್ಮನಿಗೆ ಹೇಳಿದೆ.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ನೀವ್ ಹೇಳ್ಬಿಟ್ರಿ," ಎಂದಳು. "ರೈಲ್ ಹತ್ತಿ ಬಂದು ಹೇಳ್ಬಿಟ್ರಿ. ನಿಮ್ದ್ ಇಳೀತ್. ನಾನ್ ಯಾವ್ ರೈಲ್ ಹತ್ಲಿ ಸಾರ್?"

ಎದ್ದು ಹೋಗಿ ಸಾಣೆಯ ಚಕ್ರದ ಸ್ವಿಚ್ಚು ಹಾಕಿದಳು. ಆ ಸದ್ದಿನಲ್ಲಿ ಯಾರ ಮಾತೂ ಕೇಳದು. ಬೆನ್ನು ನನ್ನ ಕಡೆಗೆ. ನೀರಿನ ಹನಿ ಬೀಳುವ ಚಕ್ರಕ್ಕೆ ಮಣಿಯ ಅಂಚನ್ನು ಹಿಡಿದಳು. ಮಡಚದ ಎರಡು ಬೆರಳು ಗಾಳಿಯಲ್ಲಿ ನಿಂತಿದ್ದವು. ಸೆಲ್ವಿಗೆ ಕನ್ನಡ ಬಾರದಿದ್ದರೂ ಅಷ್ಟು ಅರ್ಥವಾಗಿತ್ತು. "ಪೋಯಿಟ್ಟು ವಾಂಗ ಸಾರ್," ಎಂದಳು, ಹೋಗಿಬನ್ನಿ ಎಂದು. ಮೂವತ್ತಮೂರು ವರ್ಷ ಈ ಭಾರವನ್ನು ಹೊತ್ತವನು ನಾನು ಎಂದು ಎಣಿಸಿಕೊಂಡಿದ್ದೆ. ಇಳಿಸುವ ಜಾಗದಲ್ಲಿ ಯಾರು ನಿಂತಿದ್ದಾರೆ ಎಂದು ನೋಡಿರಲಿಲ್ಲ.

ಬಾಗಿಲ ಹೊರಗಿನ ಕೆಂಪು ಅಕ್ಷರದ ಡಬ್ಬಗಳವರೆಗೆ ಬಂದಾಗ ಚಕ್ರ ನಿಂತಿತು.

"ಸಾರ್. ಐತಾಳ್ ಸ್ವಾಮಿ ಹೆಂಡ್ತಿ ಇದ್ದಾರಾ?"

"ಇದ್ದಾರೆ. ಸಾಲಿಗ್ರಾಮದಲ್ಲಿ. ಮಗ, ಸೊಸೆ ಒಟ್ಟಿಗೆ."

ಅವಳು ಒಂದು ಮಣಿಗೆ ಕಪ್ಪು ದಾರ ಪೋಣಿಸಿದಳು. ಆ ಕೈಗೆ ದಾರ ಪೋಣಿಸುವುದು ಸುಲಭವಲ್ಲ. ಮೂರು ಸಲ ತಪ್ಪಿತು. ಸೆಲ್ವಿ ಸಹಾಯಕ್ಕೆ ಬಂದರೆ ಮೊಣಕೈಯಿಂದ ಸರಿಸಿದಳು. ಗಂಟು ಹಾಕಿ ನನ್ನ ಕೈಗಿಟ್ಟಳು.

"ಅವ್ರಿಗೆ ಕೊಡಿ, ಬೀಗದ ಕೀಗೆ ಕಟ್ಟಿಕೊಳ್ಲಿ. ಯಾರ್ ಕೊಟ್ಟದ್ದು ಅಂತ ಕೇಳಿದ್ರೆ ಎಲ್ಲ ಹೇಳ್ಬೇಕ್ ನೀವು. ನಿಮ್ದೂ ಹೇಳ್ಬೇಕ್. ನಾನ್ ಬಾಗ್ಲ್ ಹಾಕಿದ್ದೂ ಹೇಳ್ಬೇಕ್. ಒಂದ್ ಬಿಟ್ಟು ಒಂದ್ ಹೇಳ್ಬೇಡಿ."

ಉಳಿದ ಆರು ಮಣಿ ಅವಳ ಮುಂದಿನ ತಟ್ಟೆಯಲ್ಲೇ ಇದ್ದವು. ನನಗೆ ಒಂದನ್ನೂ ಕೊಡಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಎರಡನ್ನೂ ಕೇಳಲಿಲ್ಲ.

ಶನಿವಾರ ರಾತ್ರಿಯ ರೈಲಿಗೆ ಟಿಕೆಟು ಇತ್ತು. ಆ ದಿನವಿಡೀ ವಿದ್ಯಾಳ ಮನೆಯಿಂದ ಹೊರಗೆ ಬರಲಿಲ್ಲ. ಹೊರಡುವಾಗ ಮೇಘಾ, "ತಾತಾ, ಪಾಟಿಗೆ ಒಂದೇ ಮಣಿಯಾ?" ಎಂದು ಕನ್ನಡದಲ್ಲೇ ಕೇಳಿದಳು. ಪಾಟಿಗಲ್ಲ ಎಂದೆ.

ಭಾನುವಾರ ಮಂಗಳೂರಿನಲ್ಲಿ ಇಳಿದು ಕುಂದಾಪುರದ ಬಸ್ಸು ಹತ್ತಿದೆ. ರೂಢಿಯಂತೆ ಕುಂದಾಪುರಕ್ಕೇ ಟಿಕೆಟು ತೆಗೆದೆ. ಬ್ರಹ್ಮಾವರ ದಾಟುವಾಗ, ಮನೆಗೆ ಹೋಗಿ ಸ್ನಾನ ಮಾಡಿ ನಾಳೆ ಬಂದರೂ ಆದೀತು ಎಂದಿತು ಮನಸ್ಸು. ನಾಳೆ ಎಂದರೆ ನನ್ನ ಲೆಕ್ಕದಲ್ಲಿ ಎಷ್ಟು ವರ್ಷ ಎಂದು ನನಗೆ ಗೊತ್ತಿದೆ. ಸಾಲಿಗ್ರಾಮ ಬಂದಾಗ ಎದ್ದುನಿಂತೆ. "ಕುಂದಾಪ್ರ ಇನ್ನೂ ಮುಂದೆ ಇತ್ತ್ ಅಜ್ರೆ," ಎಂದ ಕಂಡಕ್ಟರ್. ಗೊತ್ತಿದೆ ಎಂದು ಇಳಿದೆ.

ಹೆದ್ದಾರಿಯಿಂದ ಒಳಗೆ ಹತ್ತು ನಿಮಿಷದ ನಡಿಗೆ. ಬಿಸಿಲು ಇನ್ನೂ ಸುಡುತ್ತಿತ್ತು. ಐತಾಳರ ಹೆಂಡತಿ ಸರಸ್ವತಮ್ಮ ಜಗಲಿಯಲ್ಲಿ ಹುಣಸೆ ಬೀಜ ಬಿಡಿಸುತ್ತಿದ್ದರು. "ಹೊಳ್ಳರ್ ಅಲ್ದಾ? ಈ ಬಿಸ್ಲಲ್ಲಿ ಎಲ್ಲಿಂದ್ ಬಪ್ಪುದು? ಕೂಕಣಿ," ಎಂದು ಒಳಗೆ ಹೋದರು. ಯಾಕೆ ಬಂದಿರಿ ಎಂದು ಕೇಳುವ ಮೊದಲೇ, ನಮ್ಮ ಕಡೆಯ ಪದ್ಧತಿಯಂತೆ, ಒಂದು ಚೊಂಬು ತಣ್ಣೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದು ನನ್ನ ಮುಂದಿಟ್ಟರು.

ಗಂಟಲು ಒಣಗಿತ್ತು. ಚೊಂಬನ್ನು ಮುಟ್ಟಲಿಲ್ಲ. ಚೀಲದಿಂದ ಮಣಿಯನ್ನು ತೆಗೆದು ಬೆಲ್ಲದ ತಟ್ಟೆಯ ಪಕ್ಕದಲ್ಲಿಟ್ಟೆ.

ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. "ಇದೆಂತ, ಕಲ್ಲಾ?"

"ಗಾಜು," ಎಂದೆ. "ಅಮ್ಮಾ, ಒಡ್ದದ್ದ್ ನಾನು. ಪೂರಾ ಕೇಣಿ. ಕೇಂಡ ಮೇಲೂ ನಂಗೆ ಕೊಡ್ಬೇಕ್ ಅಂತ ಕಂಡ್ರೆ ಆಗ ಈ ನೀರ್ ಕುಡಿತೆ."